ಒಂದು ಹೆಸರು, ಎರಡು ತಿರುಳು

ಜೀವವಿಜ್ಞಾನದ ತರಗತಿಯಲ್ಲಿ ‘ನ್ಯೂಕ್ಲಿಯಸ್’ ಎಂಬ ಪದವನ್ನು ಕೇಳಿದ ವಿದ್ಯಾರ್ಥಿಯು ರಸಾಯನವಿಜ್ಞಾನದ ತರಗತಿಗೆ ಹೋದರೆ ಅಲ್ಲಿಯೂ ಅದನ್ನೇ ಕೇಳುತ್ತಾನೆ. ಎರಡೂ ಒಂದೇ ವಸ್ತುವೆ? ಖಂಡಿತವಾಗಿಯೂ ಅಲ್ಲ.

ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಕಾಯಿಯೊಳಗಿನ ತಿರುಳು ಎಂದರ್ಥ. 1831ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿಯು ಆರ್ಕಿಡ್ ಗಿಡಗಳ ಜೀವಕೋಶಗಳಲ್ಲಿ ಕಂಡ ದುಂಡನೆಯ ಭಾಗವೊಂದಕ್ಕೆ ಈ ಹೆಸರನ್ನಿತ್ತನು. ಪರಮಾಣುವಿನ ದ್ರವ್ಯರಾಶಿಯು ಬಹುಮಟ್ಟಿಗೆ ಅದರ ನಡುವಣ ಅತ್ಯಲ್ಪ ಸ್ಥಳದಲ್ಲಿ ಅಡಗಿದೆಯೆಂದು ರುದರ್‌ಫರ್ಡ್ ತೋರಿಸಿದುದು 1911ರಲ್ಲಿ. ಅನಂತರ ಅದಕ್ಕೂ ಇದೇ ಹೆಸರು ಬಂದಿತು. ನಮ್ಮ ದೇಹದ ಜೀವಕೋಶವೊಂದರ ನ್ಯೂಕ್ಲಿಯಸ್ಸಿನ ವ್ಯಾಸವು ಮಿಲಿಮೀಟರಿನ ಸುಮಾರು 200ರಲ್ಲೊಂದು ಭಾಗ. ಅದರೊಳಗೆ ಪರಮಾಣುಗಳ ನ್ಯೂಕ್ಲಿಯಸ್ಸುಗಳು ಹಲವು ಲಕ್ಷ ಕೋಟಿ ಇರುತ್ತವೆ!

ಕನ್ನಡದಲ್ಲಿ ಮೊದಲನೆಯದನ್ನು ಕೋಶಕೇಂದ್ರವೆಂದೂ ಎರಡನೆಯದನ್ನು ಬೀಜವೆಂದೂ ಕರೆಯುವ ರೂಢಿಯುಂಟು. ಹೆಸರುಗಳು ಅದಲುಬದಲಾಗಿದ್ದರೆ ಚೆನ್ನಾಗಿತ್ತೆಂದು ನನಗೆ ತೋರುತ್ತದೆ. ಬಲಿತ ಸಸ್ಯಕೋಶದಲ್ಲಿ ‘ಕೇಂದ್ರ’ವು ಅಂಚಿಗೆ ಸರಿದಿರುವುದೇ ಹೆಚ್ಚು, ನಮ್ಮ ಬಲಿತ ಕೆಂಪು ರಕ್ತಕಣಗಳಲ್ಲಂತೂ ಅದು ಇರುವುದೇ ಇಲ್ಲ. ವಂಶಗುಣಗಳನ್ನು ಹೊತ್ತು, ಇಬ್ಭಾಗವಾಗಿ ಮುಂದಿನ ಕೋಶಗಳಿಗೆ ಸಾಗುವ ಅದಕ್ಕೆ ಬೀಜವೆಂಬ ಹೆಸರೇ ಒಪ್ಪುತ್ತಿತ್ತು. ಪರಮಾಣುವಿನದಾದರೋ ನಿಜವಾದ ಕೇಂದ್ರ. ಅದಿಲ್ಲದೆ ಪರಮಾಣುವೇ ಇಲ್ಲ. ಅದರ ಧನ ವಿದ್ಯುದಂಶದ ಮೊತ್ತವೇ ಆ ಪರಮಾಣು ಯಾವ ಧಾತುವಿನದೆಂಬುದನ್ನು ನಿರ್ಧರಿಸುತ್ತದೆ.

ಭೌತವಿಜ್ಞಾನಿಗಳ ಸಾಲ ಇಷ್ಟಕ್ಕೇ ಮುಗಿಯಲಿಲ್ಲ. ಯುರೇನಿಯಮ್ ಬೀಜವು ಒಡೆಯುವ ಕ್ರಿಯೆಗೆ ಹೆಸರು ಬೇಕಾದಾಗ, ಬ್ಯಾಕ್ಟೀರಿಯವು ಎರಡಾಗುವುದನ್ನು ಏನೆನ್ನುವಿರೆಂದು ಆಟೋ ಫ್ರಿಶ್ ಒಬ್ಬ ಜೀವವಿಜ್ಞಾನಿಯನ್ನು ಕೇಳಿದನು. 1939ರಲ್ಲಿ ‘ಫಿಷನ್’ ಎಂಬ ಪದವು ಭೌತವಿಜ್ಞಾನಕ್ಕೆ ಬಂದುದು ಹೀಗೆ.

ಹೆಸರಿನ ಸಾಮ್ಯದಿಂದ ಗುಣದ ಸಾಮ್ಯವನ್ನು ಊಹಿಸಿದರೆ ಗೊಂದಲವು ತಪ್ಪದು. ನ್ಯೂಕ್ಲಿಯಿಕ್ ಆಮ್ಲಕ್ಕೂ ಅಣುಬಾಂಬಿಗೂ ಯಾವ ನಂಟೂ ಇಲ್ಲ. 1869ರಲ್ಲಿ ಮೀಶರ್ ಎಂಬವನು ಕೀವಿನ ಜೀವಕೋಶಗಳ ಕೇಂದ್ರದಿಂದ ಬೇರ್ಪಡಿಸಿದ ‘ನ್ಯೂಕ್ಲೀನ್’ ಎಂಬ ವಸ್ತುವಿನಿಂದ ಆ ಹೆಸರು ಹುಟ್ಟಿತು. ಕೋಶಕೇಂದ್ರವೇ ಇಲ್ಲದ ಬ್ಯಾಕ್ಟೀರಿಯದಲ್ಲಿಯೂ ಈ ಆಮ್ಲವಿದೆ.

ಆಸ್ಪತ್ರೆಯ ಎಂ.ಆರ್.ಐ. ಪರೀಕ್ಷೆಯದು ಇದಕ್ಕೆ ವಿಪರೀತವಾದ ಕಥೆ. ಅದರ ತಳಹದಿ ಬೈಜಿಕ ಕಾಂತೀಯ ಅನುರಣನ. ಇಲ್ಲಿ ಬೀಜವೆಂದರೆ ದೇಹದ ನೀರು ಮತ್ತು ಕೊಬ್ಬುಗಳಲ್ಲಿರುವ ಹೈಡ್ರೊಜನ್ ಪರಮಾಣುವಿನದು. ಅದು ಒಡೆಯುವುದೂ ಇಲ್ಲ, ವಿಕಿರಣಪಟುವೂ ಅಲ್ಲ; ಕಾಂತಕ್ಷೇತ್ರದಲ್ಲಿ ರೇಡಿಯೊ ಅಲೆಗಳಿಗೆ ಓಗೊಡುತ್ತದೆ, ಅಷ್ಟೆ. ಆದರೂ ರೋಗಿಗಳು ಬೆದರುವರೆಂಬ ಶಂಕೆಯಿಂದ ‘ಬೈಜಿಕ’ ಎಂಬ ಮಾತನ್ನು ಪರೀಕ್ಷೆಯ ಹೆಸರಿನಿಂದ ಕೈಬಿಟ್ಟರು.