ಸಂಜೆ ಏಳರ ಕರೆಂಟು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳೇ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಮೇಲಿಂದ ಮೇಲೆ ಬರ ಕಂಡ ಸೀಮೆಗೆ ಕೊನೆಗೂ ಬಿಸಿಲೇ ಬೆಳೆಯಾಯಿತು ಎಂದು ಪತ್ರಿಕೆಗಳು ಹೊಗಳಿದವು. ಹೊಗಳಿದ್ದು ತಪ್ಪೇನಲ್ಲ. ಆದರೆ ಹೊತ್ತು ಮುಳುಗಿದರೆ ಅಷ್ಟೂ ಮೆಗಾವ್ಯಾಟ್ ಸೊನ್ನೆ. ಊರೆಲ್ಲ ದೀಪ, ಟಿ.ವಿ., ಫ್ಯಾನು, ಮಿಕ್ಸಿ ಹಾಕುವುದು ಅದೇ ಹೊತ್ತಿಗೆ.

ಕರೆಂಟನ್ನು ರಾಗಿಯಂತೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಬಳಸಿದ ಕ್ಷಣಕ್ಕೇ ಅಷ್ಟೇ ಪ್ರಮಾಣ ಎಲ್ಲೋ ಹುಟ್ಟಬೇಕು. ಹುಟ್ಟಿದ್ದು ಕಡಿಮೆಯಾದರೆ ಜಾಲದ ಆವರ್ತನ 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ, ಹೆಚ್ಚಾದರೆ ಏರುತ್ತದೆ. ಇದನ್ನು ಹಗಲಿರುಳು ಕಾಯಲು ಬೆಂಗಳೂರಿನಲ್ಲಿ ಲೋಡ್ ಡಿಸ್ಪ್ಯಾಚ್ ಸೆಂಟರ್ ಇದೆ. ಸಂಜೆ ಸೌರವಿದ್ಯುತ್ ಇಳಿಯುತ್ತಿದ್ದಂತೆ ಅಲ್ಲಿಯವರು ಯಾರ ಕಡೆ ನೋಡಬೇಕು?

ರಾಯಚೂರಿನ ಶಕ್ತಿನಗರದ ಕಡೆ ನೋಡಿದರೆ ಪ್ರಯೋಜನ ಕಡಿಮೆ. ಅಲ್ಲಿ ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಉಗಿಯಿಂದ ಟರ್ಬೈನ್ ತಿರುಗಿಸುತ್ತಾರೆ. ತಣ್ಣಗಾದ ಬಾಯ್ಲರ್ ಮತ್ತೆ ಕಾದು ಪೂರ್ತಿ ಉತ್ಪಾದನೆಗೆ ಬರಲು ಗಂಟೆಗಟ್ಟಲೆ ಬೇಕು. ಕೈಗಾದಲ್ಲಿ ಬೆಂಕಿಯ ಜಾಗದಲ್ಲಿ ಯುರೇನಿಯಂ, ಉಳಿದದ್ದು ಹೆಚ್ಚುಕಡಿಮೆ ಅದೇ ಉಗಿ, ಅದೇ ಟರ್ಬೈನ್. ಅದರ ಗುಣ ಒಂದೇ ಸಮನೆ ಓಡುವುದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಅಂಥದ್ದನ್ನು ಸಂಜೆಗೊಮ್ಮೆ ಏರಿಸಿ ಇಳಿಸಲು ಯಾರೂ ಹೋಗುವುದಿಲ್ಲ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಗಾಳಿಯ ಮರ್ಜಿಯವು.

ಉಳಿಯುವುದು ನೀರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ಕಾಲದಿಂದ ನಮಗೆ ಪರಿಚಯವಿರುವ ವಿದ್ಯೆ ಇದು. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ಅಣೆಕಟ್ಟಿನ ಬುಡದಲ್ಲೇ 55 ಮೆಗಾವ್ಯಾಟ್‌ನ ಯಂತ್ರಗಳನ್ನು ತಿರುಗಿಸಿ ತಳಕಳಲೆ ಜಲಾಶಯ ಸೇರುತ್ತದೆ. ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ನಾನೂರಕ್ಕೂ ಹೆಚ್ಚು ಮೀಟರ್ ಕೆಳಗೆ ಧುಮುಕಿ ಶರಾವತಿ ಕೇಂದ್ರದ ಹತ್ತು ಘಟಕಗಳಲ್ಲಿ 1,035 ಮೆಗಾವ್ಯಾಟ್ ಕೊಡುತ್ತದೆ. ಅದೇ ನೀರು ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ದುಡಿದು ಕಡಲಿಗೆ ಹೋಗುತ್ತದೆ. ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಉತ್ಪಾದನೆ, ಮುಚ್ಚಿದರೆ ಬಂದ್. ವಾರಾಹಿ, ನಾಗಝರಿಗಳದ್ದೂ ಇದೇ ಗುಣ. ನಾಡಿನ ಒಟ್ಟು ಬೇಡಿಕೆ ಬೇಸಿಗೆಯಲ್ಲಿ 17,000 ಮೆಗಾವ್ಯಾಟ್ ದಾಟುವ ಈ ಕಾಲದಲ್ಲಿ ಶರಾವತಿಯ ಪಾಲು ಸಣ್ಣದೆನಿಸಬಹುದು, ಆದರೆ ಬೇಕಾದ ಹೊತ್ತಿಗೆ ಸಿಗುವುದು ಅದೇ. (ಆ ನೀರಿಗಾಗಿ ಊರು ಬಿಟ್ಟವರ ಕುಟುಂಬಗಳು ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಅಗ್ಗದ ಕರೆಂಟು ಎನ್ನುವವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.)

ಮಳೆ ಕೈಕೊಟ್ಟರೆ ಈ ಆಸರೆಯೂ ಇಲ್ಲ. 2023ರಲ್ಲಿ ಆದದ್ದು ಅದೇ. ಜಲಾಶಯಗಳು ತುಂಬಲಿಲ್ಲ, ಒಣಗುತ್ತಿದ್ದ ಬೆಳೆಗೆ ಪಂಪ್‌ಸೆಟ್‌ಗಳು ಹೆಚ್ಚು ಓಡಿದವು, ತ್ರೀ ಫೇಸ್ ಸಾಲದೆ ರೈತರು ಬೀದಿಗಿಳಿದರು.

ಸಂಜೆಯ ಕೊರತೆಗೆ ಸರ್ಕಾರ ಕಂಡುಕೊಂಡ ಉಪಾಯ ಶರಾವತಿ ಪಂಪ್ಡ್ ಸ್ಟೋರೇಜ್. ಕರೆಂಟು ಹೆಚ್ಚಿರುವಾಗ ಗೇರುಸೊಪ್ಪೆಯ ನೀರನ್ನು ಸುರಂಗದ ಮೂಲಕ ತಳಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವ ಯೋಜನೆ. ಎತ್ತಲು ಹಿಡಿಯುವಷ್ಟು ಕರೆಂಟು ಇಳಿಯುವಾಗ ವಾಪಸು ಬರುವುದಿಲ್ಲ. ಐದರಲ್ಲಿ ಒಂದು ಪಾಲಿನಷ್ಟು ನಷ್ಟ. ಆ ನಷ್ಟವನ್ನು ಒಪ್ಪಬಹುದು. ಒಪ್ಪಲಾಗದ್ದು ಜಾಗ: ಅದು ಸಿಂಗಳೀಕಗಳ ಅಭಯಾರಣ್ಯ. ದಾಸ್ತಾನು ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಅದು ಘಟ್ಟದ ಕಾಡಿನಲ್ಲೇ ಆಗಬೇಕು ಎಂಬುದರಲ್ಲಿದೆ. ಪಾವಗಡದಂಥ ಕಡೆ, ಕರೆಂಟು ಹುಟ್ಟುವಲ್ಲೇ ಬ್ಯಾಟರಿ ಇಟ್ಟರೆ ಖರ್ಚೆಷ್ಟು, ಬಾಳಿಕೆ ಎಷ್ಟು ಎಂಬ ಲೆಕ್ಕವನ್ನು ಮೊದಲು ಜನರ ಮುಂದಿಡಲಿ, ಸುರಂಗದ ಮಾತು ಆಮೇಲೆ.

ಓದುಗರ ಕೈಯಲ್ಲೂ ಒಂದಿಷ್ಟಿದೆ. ಸಂಪಿನ ನೀರೆತ್ತುವ ಮೋಟರು, ವಾಷಿಂಗ್ ಮಷಿನ್, ಗಾಡಿಯ ಚಾರ್ಜಿಂಗ್ ಇವನ್ನು ಸಂಜೆ ಏಳಕ್ಕೆ ಹಾಕುವ ಬದಲು ಮಧ್ಯಾಹ್ನ ಬಿಸಿಲಿರುವಾಗಲೇ ಹಾಕಿ.