ಪಿಕಪ್ ಗಾಡಿಯ ಬ್ರೇಕೂ ಗೃಹಸ್ಥನ ಲೆಕ್ಕವೂ

ಕಂಪ್ಲಿಯ ಸೀಮೆಯಲ್ಲಿ ಡೀಸೆಲ್ ಪಿಕಪ್ ಗಾಡಿಯು ಇಂದು ಅನೇಕ ಸಂಸಾರಗಳ ಅನ್ನದ ದಾರಿಯಾಗಿರುವುದು ವಾಚಕರಿಗೆಲ್ಲ ತಿಳಿದ ಸಂಗತಿಯೇ. ಕಾಲುವೆಯ ಕೆಳಗಿನ ಗದ್ದೆಗಳಿಂದ ಭತ್ತದ ಚೀಲಗಳು, ತೋಟಗಳಿಂದ ಬಾಳೆಗೊನೆಗಳು, ಹೊಳೆಯಾಚೆಯ ಗಂಗಾವತಿಯ ಗಿರಣಿಗಳಿಂದ ಅಕ್ಕಿ, ಹೊಸಪೇಟೆಯಿಂದ ಕಿರಾಣಿಯ ಸರಕು, ಇವೆಲ್ಲವೂ ಹಿಂದೆ ಎತ್ತಿನ ಬಂಡಿಯ ಮೇಲೆಯೋ ದೊಡ್ಡ ಲಾರಿಯವರ ದಯೆಯಿಂದಲೋ ಸಾಗಬೇಕಾಗಿತ್ತು. ೨೦೦೫ರಲ್ಲಿ ಟಾಟಾ ಕಂಪನಿಯವರ ಏಸ್ ಎಂಬ ಪುಟ್ಟ ಗಾಡಿಯು ಮಾರುಕಟ್ಟೆಗೆ ಬಂದ ಮೇಲೆ, ಸಾಲಮಾಡಿಯಾದರೂ ಸ್ವಂತದ್ದೊಂದನ್ನು ಇಟ್ಟುಕೊಳ್ಳಬಹುದೆಂಬ ಧೈರ್ಯವು ಸಾಮಾನ್ಯ ಗೃಹಸ್ಥನಿಗೂ ಉಂಟಾಯಿತು. ಅದಕ್ಕಿಂತ ಹೆಚ್ಚು ಭಾರ ಹೊರುವ ಬೊಲೆರೊ ಪಿಕಪ್, ದೋಸ್ತ್ ಮೊದಲಾದುವೂ ಈಗ ಊರೂರಲ್ಲಿ ಕಾಣುತ್ತವೆ.

ಇಂಥ ಗಾಡಿಯನ್ನು ಕೊಳ್ಳುವಾಗ ನಮ್ಮ ಜನರು ಎಂಜಿನ್ನಿನ ಶಕ್ತಿಯನ್ನು ಕೇಳುತ್ತಾರೆ, ಲೀಟರಿಗೆ ಎಷ್ಟು ಓಡುವುದೆಂದು ಕೇಳುತ್ತಾರೆ, ಎಷ್ಟು ಚೀಲ ಹಿಡಿಯುವುದೆಂದು ಕೇಳುತ್ತಾರೆ. ಓಡುವುದನ್ನು ನಿಲ್ಲಿಸುವ ಬಗೆಯನ್ನು ಮಾತ್ರ ಕೇಳುವವರು ವಿರಳ. ಕೊಂಡ ಮೇಲೂ ಅಷ್ಟೇ. ‘ಬ್ರೇಕು ಎಷ್ಟು ಸಾವಿರ ಕಿಲೋಮೀಟರಿಗೆ ಸವೆಯುತ್ತದೆ?’ ಎಂದು ಮೇಸ್ತ್ರಿಯನ್ನು ವಿಚಾರಿಸಿ, ಆತನು ಹೇಳಿದ ಅಂಕಿಯನ್ನು ನಂಬಿ ನಿಶ್ಚಿಂತರಾಗುತ್ತಾರೆ. ಈ ಪ್ರಶ್ನೆಯಲ್ಲಿಯೇ ಒಂದು ದೋಷವಿದೆಯೆಂಬುದು ನಮ್ಮ ಅಭಿಪ್ರಾಯ. ಬ್ರೇಕನ್ನು ಸವೆಸುವುದು ಓಡಿದ ದೂರವಲ್ಲ. ಅದು ನುಂಗಿದ ಕಾವು.

ಓಡುವ ಗಾಡಿಯಲ್ಲಿ ಅಡಗಿರುವ ವೇಗದ ಶಕ್ತಿಯು ಬ್ರೇಕು ಹಾಕಿದಾಗ ಎಲ್ಲಿಯೂ ಮಾಯವಾಗುವುದಿಲ್ಲ. ಪ್ಯಾಡು ಡಿಸ್ಕಿಗೂ, ಲೈನಿಂಗು ಡ್ರಮ್ಮಿಗೂ ಉಜ್ಜಿ ಅದು ಕಾವಾಗಿ ಮಾರ್ಪಡುತ್ತದೆ. ಸರಕೂ ಸೇರಿ ಮೂರು ಟನ್ನು ತೂಗುವ ಪಿಕಪ್ಪು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದು ಒಮ್ಮೆ ಪೂರ್ತಿಯಾಗಿ ನಿಂತರೆ, ಆಗ ಹುಟ್ಟುವ ಕಾವು ಒಂದೂಕಾಲು ಲೀಟರ್ ಬಾವಿಯ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾದೀತು. ಅದೇ ಗಾಡಿಯು ೪೦ ಕಿಲೋಮೀಟರ್ ವೇಗದಲ್ಲಿದ್ದರೆ ಕಾವು ಅದರ ಅರ್ಧಕ್ಕೂ ಕಡಿಮೆ. ಅಡಿಗೆಮನೆಯಲ್ಲಿ ನೀರು ಕಾಯಿಸುವ ಕಷ್ಟವನ್ನು ಬಲ್ಲ ನಮ್ಮ ಸೋದರಿಯರಿಗೆ ಈ ಲೆಕ್ಕವು ಗಂಡಸರಿಗಿಂತ ಬೇಗನೆ ತಿಳಿದೀತು. ಹೊಲದ ದಾರಿಯಲ್ಲಿ ನಿಧಾನವಾಗಿ ವರ್ಷವೆಲ್ಲ ಓಡಿದ ಗಾಡಿಯ ಬ್ರೇಕಿಗಿಂತ, ಹೆದ್ದಾರಿಯಲ್ಲಿ ಧಾವಿಸಿ ಹೆಜ್ಜೆಹೆಜ್ಜೆಗೂ ಕಾಲೊತ್ತುವವನ ಗಾಡಿಯ ಬ್ರೇಕು ಕೆಲವೇ ತಿಂಗಳಲ್ಲಿ ತೆಳ್ಳಗಾಗುವುದರಲ್ಲಿ ಆಶ್ಚರ್ಯವೇನು?

ಇಳಿಜಾರಿನ ಲೆಕ್ಕವು ಇನ್ನೂ ಕಠಿನ. ಕಂಪ್ಲಿಯ ಸುತ್ತಣ ನೆಲವು ಬಹುಮಟ್ಟಿಗೆ ಸಮವಾಗಿರುವುದರಿಂದ ನಮ್ಮ ಚಾಲಕರಿಗೆ ಇದರ ರೂಢಿ ಕಡಿಮೆ. ಸಂಡೂರಿನ ಬಾಡಿಗೆ ಹಿಡಿದ ದಿನವೇ ಅದರ ಪರಿಚಯ. ಕುಮಾರಸ್ವಾಮಿ ಬೆಟ್ಟದ ಕಡೆಯಿಂದ ಇಳಿಯುವಾಗ, ಮೂರು ಟನ್ನಿನ ಗಾಡಿಯು ನೂರು ಮೀಟರು ಎತ್ತರದಿಂದ ಕೆಳಗೆ ಬರುವಷ್ಟರಲ್ಲಿ, ಭಾರವನ್ನೆಲ್ಲ ಬ್ರೇಕೇ ಹೊತ್ತರೆ, ಒಂಬತ್ತು ಲೀಟರ್ ನೀರು ಕುದಿಯುವಷ್ಟು ಕಾವು ಆ ನಾಲ್ಕು ಚಕ್ರಗಳಲ್ಲಿ ಸೇರುತ್ತದೆ. ನಿಂತು ಆರುವುದಕ್ಕೆ ಅಲ್ಲಿ ಬಿಡುವಿಲ್ಲ. ಲೈನಿಂಗಿನಲ್ಲಿರುವ ಅಂಟು ಕಾದು ಆವಿಯನ್ನುಗುಳಿ ಮೇಲ್ಮೈಯು ಗಾಜಿನಂತೆ ನುಣುಪಾಗುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಗಾಡಿಯು ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ಪರಿಹಾರವು ಬಹು ಹಳೆಯದು. ಯಾವ ಗೇರಿನಲ್ಲಿ ಏರಬೇಕಾಗುತ್ತಿತ್ತೋ ಅದೇ ಗೇರಿನಲ್ಲಿಯೇ ಇಳಿಯಬೇಕು, ಇಳಿಜಾರು ಆರಂಭವಾಗುವ ಮೊದಲೇ ಆ ಗೇರಿಗೆ ಬರಬೇಕು. ಆಗ ಭಾರದ ಬಹುಪಾಲನ್ನು ಎಂಜಿನ್ನೇ ತಡೆಯುತ್ತದೆ.

ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವವರನ್ನೂ, ಕೆಲವೊಮ್ಮೆ ಎಂಜಿನ್ನನ್ನೇ ಆರಿಸುವವರನ್ನೂ ನಾವು ಕಾಣುತ್ತೇವೆ. ಇಂದಿನ ವಿದ್ಯುನ್ಮಾನ ಹತೋಟಿಯ ಎಂಜಿನ್ನುಗಳು, ಗೇರಿನಲ್ಲಿದ್ದು ಇಳಿಜಾರಿನಿಂದ ತಳ್ಳಲ್ಪಡುವಾಗ, ಎಣ್ಣೆಯನ್ನು ಪೂರ್ತಿಯಾಗಿ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ನು ತನ್ನಷ್ಟಕ್ಕೆ ತಿರುಗಲು ಎಣ್ಣೆಯನ್ನು ಕುಡಿಯುತ್ತಲೇ ಇರುತ್ತದೆ. ಹಾಗಾದರೆ ಉಳಿತಾಯವಾದುದು ಯಾವುದು? ಎಂಜಿನ್ನು ಆರಿಸಿದವನ ಗತಿಯಂತೂ ಮತ್ತಷ್ಟು ವಿಷಮ. ನಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಎಂಬ ಡಬ್ಬಿಯು ನಿರ್ವಾತದ ಬಲದಿಂದ ಕೆಲಸಮಾಡುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆ ನಿರ್ವಾತವು ಸಾಮಾನ್ಯವಾಗಿ ಗಾಳಿ ಎಳೆಯುವ ಕೊಳವೆಯಲ್ಲಿಯೇ ದೊರೆಯುವುದು. ಡೀಸೆಲ್ಲಿನಲ್ಲಿ ಹಾಗೆ ದೊರೆಯದ ಕಾರಣ ಅದಕ್ಕಾಗಿ ಪ್ರತ್ಯೇಕ ಪಂಪನ್ನು ಇಟ್ಟಿರುತ್ತಾರೆ. ಎಂಜಿನ್ನು ನಿಂತೊಡನೆ ಪಂಪೂ ನಿಲ್ಲುವುದು. ಎರಡು ಮೂರು ಸಲ ಒತ್ತುವಷ್ಟರಲ್ಲಿ ಶೇಖರವು ತೀರಿ ಪೆಡಲು ಕಲ್ಲಿನಂತಾಗುವುದು.

ಈ ಪಂಪಿನ ದೆಸೆಯಿಂದಲೇ ಎಂಜಿನ್ ಆಯಿಲ್ಲಿಗೂ ಬ್ರೇಕಿಗೂ ನಂಟುಂಟು. ಅನೇಕ ಡೀಸೆಲ್ ಗಾಡಿಗಳಲ್ಲಿ ನಿರ್ವಾತದ ಪಂಪಿಗೆ ಎಂಜಿನ್ನಿನ ಆಯಿಲ್ಲೇ ಜಿಡ್ಡು. ಆಯಿಲ್ ಬದಲಿಸುವ ಅವಧಿಯನ್ನು ಮುಂದೂಡಿ ಕೆಸರಿನಂತಾಗಲು ಬಿಟ್ಟವನು ಎಂಜಿನ್ನನ್ನಷ್ಟೇ ಅಲ್ಲ, ಬ್ರೇಕಿನ ಬಲವನ್ನೂ ಕುಗ್ಗಿಸಿಕೊಳ್ಳುತ್ತಾನೆ. ಬೂಸ್ಟರನ್ನು ಪರೀಕ್ಷಿಸುವುದು ಮನೆಯಂಗಳದಲ್ಲಿಯೇ ಸಾಧ್ಯ. ಎಂಜಿನ್ನು ನಿಂತಿರುವಾಗ ಪೆಡಲನ್ನು ಗಟ್ಟಿಯಾಗುವವರೆಗೂ ಹಲವು ಸಲ ಒತ್ತಿ, ಕಾಲನ್ನು ಹಾಗೆಯೇ ಇಟ್ಟುಕೊಂಡು ಎಂಜಿನ್ನನ್ನು ಚಾಲೂ ಮಾಡಬೇಕು. ಪೆಡಲು ತುಸು ಕೆಳಗಿಳಿದರೆ ಬೂಸ್ಟರು ಸರಿಯಾಗಿದೆಯೆಂದು ತಿಳಿಯಬಹುದು. ಅಲ್ಲಾಡದಿದ್ದರೆ ಗ್ಯಾರೇಜಿಗೆ ಹೋಗತಕ್ಕದ್ದು. ಮತ್ತೊಂದು: ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ನೆಲದತ್ತ ಇಳಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರು ಕೆಟ್ಟಿದೆ.

ಇನ್ನು ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ಇದು ಎಂಜಿನ್ನಿಗೆ ಹಾಕುವ ಎಣ್ಣೆಯ ಜಾತಿಯದಲ್ಲ. ಆ ಎಣ್ಣೆಯನ್ನು ಇದರಲ್ಲಿ ಬೆರೆಸಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದೆಂಬ ಗುಣದ ಮೇಲೆಯೇ ಈ ಬ್ರೇಕು ನಿಂತಿದೆ. ಆದರೆ ಈ ದ್ರವಕ್ಕೆ ಒಂದು ದುರಭ್ಯಾಸವುಂಟು. ಮಳೆಗಾಲದ ಉಪ್ಪು ಹೇಗೋ ಹಾಗೆ ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ ೩ ಎಂಬ ದರ್ಜೆಯದು ಹೊಸದಾಗಿರುವಾಗ ೨೦೫ ಡಿಗ್ರಿಯವರೆಗೂ ಕುದಿಯದೆ ತಾಳಬೇಕೆಂದು ನಿಯಮ. ತೇವ ಹೀರಿದ ಮೇಲೆ ೧೪೦ ಡಿಗ್ರಿ ತಾಳಿದರೆ ಸಾಕೆಂದಿದೆ. ಡಾಟ್ ೪ಕ್ಕೆ ಇವು ೨೩೦ ಮತ್ತು ೧೫೫. ಹಳೆಯ ಆಯಿಲ್ಲಿನೊಡನೆ ಬೆಟ್ಟ ಇಳಿಯುವವನ ಚಕ್ರದ ಬಳಿ ಅದು ಕುದಿದು ಆವಿಯಾದರೆ, ಆವಿಯು ದ್ರವದಂತಲ್ಲ, ಒತ್ತಿದರೆ ಕುಗ್ಗುತ್ತದೆ. ಪೆಡಲು ತಡೆಯಿಲ್ಲದೆ ನೆಲ ಮುಟ್ಟುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿಯಾಗಿ ಬದಲಿಸಿ ಗಾಳಿಯನ್ನು ತೆಗೆಸುವುದು ಒಳ್ಳೆಯದು. ಯಾವ ದರ್ಜೆಯದು ಬೇಕೆಂಬುದನ್ನು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತಾರೆ. ಸಣ್ಣ ಸೀಸೆಯನ್ನೇ ಕೊಳ್ಳಬೇಕು. ಬಿಚ್ಚಿ ಅರ್ಧ ಉಳಿದ ಸೀಸೆಯನ್ನು ಅಟ್ಟದ ಮೇಲಿಟ್ಟು ಮುಂದಿನ ವರ್ಷ ಬಳಸುವ ಮಿತವ್ಯಯವು ಇಲ್ಲಿ ಸಲ್ಲದು.

ಡಬ್ಬಿಯಲ್ಲಿ ಆಯಿಲ್ಲಿನ ಮಟ್ಟ ಇಳಿದಿದೆಯೆಂದು ಒಡನೆಯೇ ಸುರಿದುಬಿಡುವುದೂ ತರವಲ್ಲ. ಪ್ಯಾಡು ತೆಳ್ಳಗಾದಂತೆ ಮಟ್ಟವು ತಾನಾಗಿ ಇಳಿಯುತ್ತದೆ. ಅದು ಸವೆತದ ಸೂಚನೆ. ಸುರಿದು ಮಟ್ಟವನ್ನು ಸರಿಮಾಡಿದವನು ತನಗೆ ಬಂದ ಕಾಗದವನ್ನು ಓದದೆ ಹರಿದಂತಾಯಿತು. ಮೊದಲು ಪ್ಯಾಡನ್ನೂ, ಬಳಿಕ ಚಕ್ರಗಳ ಒಳಮೈಯಲ್ಲಿ ತೇವವಿದೆಯೇ ಎಂಬುದನ್ನೂ ನೋಡಬೇಕು.

ನಮ್ಮ ಸೀಮೆಗೆ ವಿಶೇಷವಾದ ಎರಡು ಶತ್ರುಗಳನ್ನು ಇಲ್ಲಿ ಹೇಳಬೇಕು. ಒಂದು ನೀರು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯು ಮುಳುಗಿ ಸಂಚಾರ ನಿಲ್ಲುವುದು ಎಲ್ಲರಿಗೂ ಗೊತ್ತು. ಆಗ ಬುಕ್ಕಸಾಗರದ ಬಳಿಯ ಕಡೆಬಾಗಿಲು ಸೇತುವೆಯನ್ನು ಸುತ್ತಿಯೇ ಹೊಳೆ ದಾಟಬೇಕು. ಸೇತುವೆಯ ಮೇಲೆ ನೀರಿರುವಾಗ ಗಾಡಿಯಿಳಿಸುವ ಸಾಹಸವನ್ನು ನಾವು ಎಂದಿಗೂ ಸಮರ್ಥಿಸುವುದಿಲ್ಲ. ಆದರೆ ಗದ್ದೆಬಯಲಿನ ದಾರಿಗಳಲ್ಲಿ ಮೊಣಕಾಲು ನೀರನ್ನು ಹಾಯುವುದು ತಪ್ಪದು. ನೀರಿಂದ ಮೇಲೇರಿದೊಡನೆ ಹಿಂದಿನ ಡ್ರಮ್ ಬ್ರೇಕು ಹಿಡಿಯುವುದಿಲ್ಲವೆಂಬುದನ್ನು ನೆನಪಿಟ್ಟು, ನಿಧಾನವಾಗಿ ಓಡಿಸುತ್ತ ಪೆಡಲನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಬೇಕು. ಡ್ರಮ್ಮಿನೊಳಗೆ ಕುಳಿತ ಕೆಸರು ಒಣಗಿ ಮರಳಾಗಿ ಲೈನಿಂಗನ್ನು ತಿನ್ನುವುದರಿಂದ, ಮಳೆಗಾಲ ಮುಗಿದ ಮೇಲೆ ಡ್ರಮ್ಮನ್ನು ಬಿಚ್ಚಿಸಿ ತೊಳೆಸತಕ್ಕದ್ದು.

ಎರಡನೆಯದು ಸಂಡೂರಿನ ಅದಿರಿನ ಕೆಂಪು ದೂಳು. ಅಕ್ಕಸಾಲಿಗರು ಒಡವೆಗೆ ಮೆರುಗಿಡಲು ಉಜ್ಜುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಆಗಿದೆಯೆಂದರೆ, ಆ ದೂಳು ಡಿಸ್ಕಿನ ಮೇಲೆ ಮಾಡುವ ಕೆಲಸವನ್ನು ವಾಚಕರೇ ಊಹಿಸಬಹುದು. ಗಣಿಯ ರಸ್ತೆಗಳಲ್ಲಿ ದುಡಿಯುವ ಗಾಡಿಯ ಪ್ಯಾಡುಗಳನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ನೋಡಬೇಕು. ಏರ್ ಫಿಲ್ಟರಿಗೂ ಇದೇ ಮಾತು.

ಪ್ಯಾಡು ಮತ್ತು ಲೈನಿಂಗುಗಳ ವಿಷಯದಲ್ಲಿ ಅಗ್ಗದ ಮೋಹವು ಬಲು ಅಪಾಯಕರ. ೧೮೯೭ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತನು, ಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟಿನ ತುಂಡನ್ನು ಬಡಿದಿದ್ದುದನ್ನು ಕಂಡು ಲೈನಿಂಗಿನ ಕಲ್ಪನೆಯನ್ನು ಪಡೆದನೆಂದು ಹೇಳುವರು. ಅಂದಿನಿಂದ ಇಂದಿನವರೆಗೂ ಇದರ ಗುಟ್ಟೆಲ್ಲ ಬೆರಕೆಯ ಹದದಲ್ಲಿದೆ. ನಕಲಿ ಪ್ಯಾಡು ತಂಪಾಗಿರುವಾಗ ಅಸಲಿನಷ್ಟೇ ಹಿಡಿಯುತ್ತದೆ. ಅದರ ನಿಜಗುಣವು ಕಾದಮೇಲೆಯೇ ಹೊರಬೀಳುವುದು, ಆಗ ಕಾಲ ಮಿಂಚಿರುತ್ತದೆ. ರಸೀದಿ ಕೊಡದ ಅಂಗಡಿಯಲ್ಲಿ ಇದನ್ನು ಕೊಳ್ಳಲಾಗದು. ಹೊಸ ಪ್ಯಾಡು ಮುಂದೆ ಸಾಮಾನ್ಯವಾಗಿ ಹತ್ತು ಮಿಲಿಮೀಟರಿನಷ್ಟು ದಪ್ಪ. ಮೂರಕ್ಕೆ ಬಂದಾಗ ಬದಲಿಸಬೇಕು, ಮತ್ತು ಎಡಬಲ ಎರಡನ್ನೂ ಕೂಡಿಯೇ ಬದಲಿಸಬೇಕು. ಡಿಸ್ಕಿನ ಕನಿಷ್ಠ ದಪ್ಪ, ಡ್ರಮ್ಮಿನ ಗರಿಷ್ಠ ಅಗಲ ಇವನ್ನು ಬಹುಶಃ ಆ ಬಿಡಿಭಾಗಗಳ ಮೇಲೆಯೇ ಕೆತ್ತಿರುತ್ತಾರೆ. ಗ್ರೀಸು ಹೀರಿದ ಲೈನಿಂಗನ್ನು ಡೀಸೆಲ್ಲಿನಿಂದ ತೊಳೆದು ಮತ್ತೆ ಕೂಡಿಸುವ ಪದ್ಧತಿಯು ಕೆಲವೆಡೆ ಉಂಟು. ಅದು ಮತ್ತೆಂದೂ ಸರಿಯಾಗಿ ಹಿಡಿಯದು. ಬ್ರೇಕಿನ ದೂಳನ್ನು ಗಾಳಿ ಹೊಡೆದು ಹಾರಿಸುವುದೂ ಕೂಡದು. ಹಿಂದಿನ ಲೈನಿಂಗುಗಳಲ್ಲಿ ಕಲ್ನಾರನ್ನು ಬೆರೆಸುತ್ತಿದ್ದರು. ಅದರ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ರೋಗಕ್ಕೆ ಕಾರಣ. ಗ್ಯಾರೇಜಿನ ಹುಡುಗನ ಮೂಗೂ ಮೂಗೇ. ಒದ್ದೆ ಬಟ್ಟೆಯಿಂದ ಒರೆಸುವಂತೆ ಹೇಳುವುದು ಗಾಡಿಯವನ ಧರ್ಮ.

ಮಿತಿಮೀರಿ ಹೇರುವವರು ಹಿಂದಿನ ಕಮಾನಿಗೆ ಒಂದೆರಡು ಪಟ್ಟಿಗಳನ್ನು ಹೆಚ್ಚಾಗಿ ಸೇರಿಸುವ ವಾಡಿಕೆಯ ಬಗ್ಗೆ ಒಂದು ಮಾತು. ಕೆಲವು ಪಿಕಪ್ಪುಗಳಲ್ಲಿ, ಹಿಂಭಾಗವು ಭಾರದಿಂದ ಎಷ್ಟು ಕುಗ್ಗಿದೆಯೆಂಬುದನ್ನು ಸರಳೊಂದರ ಮೂಲಕ ಅಳೆದು, ಹಿಂದಿನ ಬ್ರೇಕಿಗೆ ಅಷ್ಟೇ ಒತ್ತಡವನ್ನು ಕಳುಹಿಸುವ ಕವಾಟವೊಂದಿರುತ್ತದೆ. ಪಟ್ಟಿ ಹೆಚ್ಚಿಸಿದಾಗ ಗಾಡಿಯು ಕುಗ್ಗುವುದಿಲ್ಲ. ಕವಾಟವು ಗಾಡಿ ಬರಿದಾಗಿದೆಯೆಂದೇ ಭ್ರಮಿಸಿ ಹಿಂದಿನ ಬ್ರೇಕನ್ನು ಬಿಗಿಹಿಡಿಯುತ್ತದೆ. ಭಾರವು ಹೆಚ್ಚಿದಷ್ಟೂ ಬ್ರೇಕು ಕಡಿಮೆಯಾಗುವ ಈ ವಿಪರೀತವನ್ನು ಹಣ ಕೊಟ್ಟು ಮಾಡಿಸಿಕೊಳ್ಳುತ್ತೇವೆ! ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಹೆಚ್ಚು ಭಾರಕ್ಕೆ ೨೦,೦೦೦ ರೂಪಾಯಿ, ಮೇಲೆ ಟನ್ನೊಂದಕ್ಕೆ ೨,೦೦೦ ರೂಪಾಯಿ ದಂಡವಿದೆಯೆಂಬುದು ಬೇರೆಯ ಮಾತು.

ದಂಡಕ್ಕಿಂತ ದೊಡ್ಡದು ಮನುಷ್ಯರ ಸಂಗತಿ. ಜಾತ್ರೆಗೆ, ಮದುವೆಯ ದಿಬ್ಬಣಕ್ಕೆ, ಕೂಲಿಯ ಕೆಲಸಕ್ಕೆ ಹೆಂಗಸರನ್ನೂ ಮಕ್ಕಳನ್ನೂ ಸರಕಿನ ಗಾಡಿಯ ಹಿಂದೆ ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹಾಗೆ ಕುಳಿತವರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮೆಯವರದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ತೀರ್ಮಾನಿಸಿದೆ. ಅಂದರೆ ಆ ಹೊರೆಯು ಗಾಡಿಯ ಒಡೆಯನ ಮನೆಮಠಗಳ ಮೇಲೆಯೇ ಬೀಳುವುದು. ಹೋದ ಜೀವಕ್ಕಂತೂ ಯಾರೂ ಬೆಲೆ ಕಟ್ಟಲಾರರು. ಗಾಡಿಯ ಕಂತಿನ ಲೆಕ್ಕವನ್ನು ಬರೆಯುವ ಮನೆಯೊಡತಿಯು, ಪುಸ್ತಕದ ಅದೇ ಪುಟದಲ್ಲಿ ಬ್ರೇಕ್ ಆಯಿಲ್ ಬದಲಿಸಿದ ತಾರೀಖನ್ನೂ ಪ್ಯಾಡು ಕೊಂಡ ದಿನವನ್ನೂ ಕಿಲೋಮೀಟರಿನ ಅಂಕಿಯನ್ನೂ ಬರೆದಿಟ್ಟರೆ, ಗಂಡಸರ ‘ಮೊನ್ನೆಯಷ್ಟೇ ಹಾಕಿಸಿದೆ’ ಎಂಬ ಮಾತಿಗೆ ಸರಿಯಾದ ಉತ್ತರ ದೊರೆಯುವುದು.

ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ಮಾಡಿಸಿದಾಗ ಬಿಚ್ಚಿದ ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು, ಎಡದ್ದನ್ನೂ ಬಲದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಮತ್ತೊಂದಕ್ಕಿಂತ ಬಹಳ ತೆಳ್ಳಗಿದ್ದರೆ, ಆ ಪಕ್ಕದ ಕ್ಯಾಲಿಪರಿನ ಪಿನ್ನೋ ಪಿಸ್ಟನ್ನೋ ತುಕ್ಕುಹಿಡಿದು ಸಿಕ್ಕಿಕೊಂಡಿದೆ ಎನ್ನಬಹುದು; ಅದನ್ನು ಬಿಡಿಸಿ ಜಿಡ್ಡು ಹಾಕಿಸದೆ ಹೊಸ ಪ್ಯಾಡು ತೊಡಿಸಿದರೆ ಅದೂ ಹಾಗೆಯೇ ಸವೆಯುವುದು. ಹೊಸ ಪ್ಯಾಡು ಕುಳಿತ ಮೇಲೆ ಮೊದಲ ಕೆಲವು ದಿನ ಭಾರವನ್ನು ಕಡಿಮೆಮಾಡಿ, ಸಂಡೂರಿನ ಬಾಡಿಗೆಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಮೇಲು.