ಅಮ್ಮ ಓದಿದ್ದರೆ ಮಗುವಿಗೇನು ಲಾಭ?

ಮಗು ಗಟ್ಟಿಮುಟ್ಟಾಗಿ ಬೆಳೆಯಲು ಏನು ಬೇಕು? ಹೊಟ್ಟೆತುಂಬ ಊಟ, ಶುದ್ಧ ನೀರು, ಸಕಾಲಕ್ಕೆ ಲಸಿಕೆ ಎನ್ನುತ್ತೀರಿ. ನಿಜ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ: ತಾಯಿಯ ವಿದ್ಯೆ.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಪರಿಶಿಷ್ಟ ಪಂಗಡಗಳಲ್ಲಿ ಈ ಪ್ರಮಾಣ ಸುಮಾರು ಶೇ 41, ಪರಿಶಿಷ್ಟ ಜಾತಿಗಳಲ್ಲಿ ಶೇ 39. ಶಾಲೆಯ ಮೆಟ್ಟಿಲು ಹತ್ತದ ತಾಯಂದಿರ ಮಕ್ಕಳಲ್ಲಂತೂ ಶೇ 46. ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದ ತಾಯಂದಿರ ಮಕ್ಕಳಲ್ಲಿ ಅದು ಶೇ 26 ಮಾತ್ರ.

ಈ ಕುಂಠಿತಕ್ಕೆ ಜಾತಿಯಾಗಲಿ ಕುಲವಾಗಲಿ ಕಾರಣವಲ್ಲ. ಬಡತನ, ಅರೆಹೊಟ್ಟೆ, ಪದೇ ಪದೇ ಬರುವ ಭೇದಿ, ದೂರದ ಆಸ್ಪತ್ರೆ ಇವೇ ಕಾರಣಗಳು. ಓದಿದವರ ಮನೆಯಲ್ಲಿ ಹಣವೂ ತುಸು ಹೆಚ್ಚಿರುತ್ತದೆ, ಹಾಗಾಗಿ ಅಂತರದ ಒಂದು ಪಾಲು ಹಣದ್ದೇ. ಆದರೆ ಎಲ್ಲವೂ ಹಣದ್ದಲ್ಲ.

1980ರ ಸುಮಾರಿಗೆ ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ದಂಪತಿಗಳು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿಯವರೊಡನೆ ಕರ್ನಾಟಕದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಮಗುವಿಗೆ ಕಾಯಿಲೆಯಾದಾಗ ಓದಿದ ಸೊಸೆ ಅತ್ತೆಯ ಅಪ್ಪಣೆಗೆ ಕಾಯದೆ ಬಾಯಿಬಿಟ್ಟು ಹೇಳುತ್ತಿದ್ದಳು. ಇನ್ನೂ ಮುಖ್ಯವಾದುದು, ಔಷಧಿ ಕೊಟ್ಟ ಮೇಲೂ ಗುಣ ಕಾಣದಿದ್ದರೆ ಮತ್ತೆ ವೈದ್ಯರ ಬಳಿ ಹೋಗುತ್ತಿದ್ದಳು. ಓದದ ತಾಯಿಗೂ ಮಗುವಿನ ಮೇಲೆ ಅಷ್ಟೇ ಮಮತೆ. ಆದರೆ ದೊಡ್ಡ ಡಾಕ್ಟರರಿಗೆ ‘ನಿಮ್ಮ ಮದ್ದು ನಾಟಲಿಲ್ಲ’ ಎನ್ನಲು ಅವಳಿಗೆ ಸಂಕೋಚ. ಆ ಸಂಕೋಚಕ್ಕೆ ಮಗು ಬೆಲೆ ತೆರಬೇಕಾಗುತ್ತಿತ್ತು.

ಆದ್ದರಿಂದ ಓದಿರಲಿ, ಬಿಡಲಿ, ಈ ಮಾತುಗಳನ್ನು ಪ್ರತಿ ತಾಯಿಗೂ ತಿಳಿಸಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕುಡಿಸಿ, ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟ ವೇಗವಾದರೂ ಅಷ್ಟೇ. ಮದ್ದು ಕೊಟ್ಟೂ ಗುಣವಾಗದಿದ್ದರೆ ಮತ್ತೆ ಹೋಗಿ ಕೇಳಿ. ಕೇಳುವುದು ಅವಿನಯವಲ್ಲ, ನಿಮ್ಮ ಹಕ್ಕು.

ಇನ್ನು ಮನೆಯ ಹಿರಿಯರಿಗೊಂದು ಮಾತು. ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಎಂಟನೆಯ ತರಗತಿಗೇ ಮಗಳನ್ನು ಶಾಲೆ ಬಿಡಿಸುವ ಯೋಚನೆ ನಿಮಗಿದ್ದರೆ, ದಯವಿಟ್ಟು ಕೈಬಿಡಿ. ಅವಳ ಪುಸ್ತಕಕ್ಕೆ ಇಂದು ಮಾಡುವ ಖರ್ಚು ನಾಳೆ ನಿಮ್ಮ ಮೊಮ್ಮಕ್ಕಳ ಆಯುಷ್ಯಕ್ಕೆ ಜಮೆಯಾಗುತ್ತದೆ.